ಅವರ ಪಾಲಿಗೆ ನಾವೇ ದೆಹಲಿ

ಹೋದ ವರ್ಷ ರಾಜ್ಯೋತ್ಸವಕ್ಕೆ ನಮ್ಮ ಸಂಘದಿಂದ ಒಂದು ಗೂಗಲ್ ಫಾರ್ಮ್ ಕಳಿಸಿದ್ವಿ, ನೆನಪಿದೆಯಾ? ಹೆಸರು, ಬ್ರಾಂಚ್, ಸೆಮಿಸ್ಟರ್, ಯಾವ ಸ್ಪರ್ಧೆ, ಟೀ-ಶರ್ಟ್ ಸೈಜ್. ಕೊನೆಗೆ ಒಂದು ಪ್ರಶ್ನೆ: ಮಾತೃಭಾಷೆ. ಅದಕ್ಕೆ ಆಯ್ಕೆ ಎರಡೇ, ‘ಕನ್ನಡ’ ಮತ್ತು ‘ಇತರೆ’. ಆ ಫಾರ್ಮ್ ಮಾಡಿದವನು ನಾನೇ. ರಾತ್ರಿ ಹನ್ನೊಂದಕ್ಕೆ, ಮರುದಿನದ ಇಂಟರ್ನಲ್ಸ್‌ಗೆ ಓದೋದು ಬಿಟ್ಟು, ಹತ್ತು ನಿಮಿಷದಲ್ಲಿ ಮಾಡಿ ಗ್ರೂಪಿಗೆ ಹಾಕಿದ್ದೆ.

ನನ್ನ ರೂಮ್‌ಮೇಟ್ ವಿರಾಜಪೇಟೆ ಕಡೆಯವನು. ಕನ್ನಡ ನನಗಿಂತ ಚೆನ್ನಾಗಿ ಬರೀತಾನೆ. ನಾಡಗೀತೆಗೆ ನಮ್ಮ ತಂಡದಲ್ಲಿ ಮೊದಲ ದನಿ ಅವನದೇ. ಅವನು ‘ಇತರೆ’ ಒತ್ತಿದ್ದ. ನಾನು ರೇಗಿಸಿದೆ, “ಲೇ, ಹೊರಗಿನವನ ಥರ ‘ಇತರೆ’ ಅಂತ ಯಾಕೆ ಒತ್ತಿದೀಯಾ? ‘ಕನ್ನಡ’ ಒತ್ತೋ.”

“ಮನೇಲಿ ನಾವು ಮಾತಾಡೋದು ಕೊಡವ ತಕ್ಕ್. ನಿನ್ನ ಫಾರ್ಮ್‌ನಲ್ಲಿ ಅದು ಇಲ್ಲ. ನಾನೇನು ಮಾಡ್ಲಿ?” ಅಂದ.

ಅಲ್ಲಿಗೆ ಬಿಟ್ಟಿದ್ರೆ ಮುಗೀತಿತ್ತು. ನಾನು ಬಿಡಲಿಲ್ಲ. “ಆದ್ರೂ ನವೆಂಬರ್ ಒಂದು ಎಲ್ಲರ ಹಬ್ಬ ಅಲ್ವಾ?” ಅಂದೆ. ಅವನು ಲೈಟ್ ಆರಿಸಿ ಮಲಗಿಕೊಂಡ. ಸ್ವಲ್ಪ ಹೊತ್ತಾದ ಮೇಲೆ ಕತ್ತಲಲ್ಲೇ ಹೇಳಿದ, “ನವೆಂಬರ್ ಒಂದು ನಿಮಗೆ ರಾಜ್ಯ ಸಿಕ್ಕಿದ ದಿನ. ನಮ್ಮ ತಾತನ ಪಾಲಿಗೆ ಅದು ರಾಜ್ಯ ಹೋದ ದಿನ.”

ನನ್ನ ಹತ್ರ ಉತ್ತರ ಇರಲಿಲ್ಲ. ಯಾಕಂದ್ರೆ ಕೊಡಗಿಗೆ ಒಂದು ರಾಜ್ಯ ಇತ್ತು ಅನ್ನೋದೇ ನನಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಬಹುತೇಕರಿಗೆ ಗೊತ್ತಿಲ್ಲ ಅಂತ ಆಮೇಲೆ ಕೇಳಿದಾಗ ತಿಳೀತು. ಕೊಡಗು ಅಂದ್ರೆ ನಮಗೆ ಇಂಡಸ್ಟ್ರಿಯಲ್ ವಿಸಿಟ್ ನೆಪದ ಟ್ರಿಪ್, ರಾಜಾಸೀಟು, ಹೋಮ್‌ಸ್ಟೇ, ಕಾಫಿ, ಜೇನುತುಪ್ಪ. ಸ್ವಲ್ಪ ಓದೋರಾದ್ರೆ ಮಾಸ್ತಿಯವರ ‘ಚಿಕವೀರ ರಾಜೇಂದ್ರ’. ಅಲ್ಲಿಗೆ ಮುಗೀತು. ಹಾಗಾಗಿ ಮೊದಲು ಕಥೆ ಹೇಳಿ, ಆಮೇಲೆ ನನ್ನ ಅಭಿಪ್ರಾಯ ಹೇಳ್ತೀನಿ.

ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಈಸ್ಟ್ ಇಂಡಿಯಾ ಕಂಪನಿ 1834ರಲ್ಲಿ ಇಳಿಸಿ ಕೊಡಗನ್ನು ತನ್ನ ವಶಕ್ಕೆ ತಗೊಂಡಿತು. ಅರಸನನ್ನು ಕಾಶಿಗೆ ಕಳಿಸಿದರು. 1852ರಲ್ಲಿ ಆತ ಮಗಳು ಗೌರಮ್ಮನನ್ನು ಕರಕೊಂಡು ಲಂಡನ್ನಿಗೆ ಹೋದ. ಕಂಪನಿ ತನ್ನ ಹಣ ಇಟ್ಟುಕೊಂಡಿದೆ ಅಂತ ಅಲ್ಲಿನ ಕೋರ್ಟಿನಲ್ಲೇ ದಾವೆ ಹೂಡಿದ. 1859ರಲ್ಲಿ ಅಲ್ಲೇ ತೀರಿಕೊಂಡ. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ಗೌರಮ್ಮನಿಗೆ ಕ್ರೈಸ್ತ ದೀಕ್ಷೆ ಕೊಡಿಸಿದಳು.

ಇದೇ ಕಾಲದಲ್ಲಿ ಕಂಪನಿ ಕೈಗೆ ಹೋಗಿದ್ದು ಕೊಡಗು ಒಂದೇ ಅಲ್ಲ. ನಮ್ಮ ಚನ್ನಗಿರಿ ಪಕ್ಕದ ಹೊನ್ನಾಳಿ 1830ರ ನಗರ ದಂಗೆಯ ಮುಖ್ಯ ನೆಲೆಗಳಲ್ಲಿ ಒಂದು. ಕಂದಾಯದ ಕಾಟ ತಾಳಲಾರದೆ ರೈತರು ತಿರುಗಿಬಿದ್ದರು. ಅದನ್ನೇ ನೆಪ ಮಾಡಿಕೊಂಡು 1831ರಲ್ಲಿ ಬ್ರಿಟಿಷರು ಇಡೀ ಮೈಸೂರಿನ ಆಡಳಿತ ಕಿತ್ತುಕೊಂಡರು. ಆದ್ರೆ ಒಂದು ವ್ಯತ್ಯಾಸ ನೋಡಿ. ಮೈಸೂರನ್ನು 1881ರಲ್ಲಿ ಒಡೆಯರಿಗೆ ವಾಪಸ್ ಕೊಟ್ಟರು. ಕೊಡಗನ್ನು ಯಾರಿಗೂ ವಾಪಸ್ ಕೊಡಲಿಲ್ಲ. ಅದು ಚೀಫ್ ಕಮಿಷನರ್ ಪ್ರಾಂತ್ಯವಾಗಿ ಬೇರೆಯಾಗೇ ಉಳೀತು.

ಸಂವಿಧಾನ ಬಂದಾಗ ಆ ಪುಟ್ಟ ಪ್ರಾಂತ್ಯ ‘ಸಿ’ ದರ್ಜೆಯ ರಾಜ್ಯವಾಯಿತು. 1951ರ ಜನಗಣತಿಯಲ್ಲಿ ಅದರ ಜನಸಂಖ್ಯೆ 2,29,405. ಅಷ್ಟು ಜನಕ್ಕೆ 24 ಸ್ಥಾನಗಳ ಸ್ವಂತ ವಿಧಾನಸಭೆ. 1952ರ ಚುನಾವಣೆ ನಡೆದಿದ್ದೇ ಒಂದು ದೊಡ್ಡ ಪ್ರಶ್ನೆಯ ಮೇಲೆ: ಕರ್ನಾಟಕದ ಜೊತೆ ಸೇರಬೇಕಾ, ಬೇರೆ ಇರಬೇಕಾ? ಕಾಂಗ್ರೆಸ್ಸಿಗೆ 15 ಸ್ಥಾನ ಬಂತು, ಚೆಪ್ಪುಡಿರ ಪೂಣಚ್ಚ ಮುಖ್ಯಮಂತ್ರಿಯಾದರು. ವಿಲೀನ ಬೇಡ ಅಂದ ತಕ್ಕಡಿ ಗುರುತಿನ ಬಣಕ್ಕೆ 9. ಆ ಬಣದ ಮುಂದಾಳು ಪಂದ್ಯಂಡ ಬೆಳ್ಯಪ್ಪನವರು ಗಾಂಧಿವಾದಿ, ಜನ ಅವರನ್ನು ಕೊಡಗಿನ ಗಾಂಧಿ ಅಂತಲೇ ಕರೀತಿದ್ರು. ಮುಂದೆ ರಾಜ್ಯ ಪುನರ್‌ವಿಂಗಡಣಾ ಆಯೋಗ ವಿಲೀನಕ್ಕೆ ಶಿಫಾರಸು ಮಾಡಿತು. 1956ರ ನವೆಂಬರ್ 1ರಂದು ಕೊಡಗು ಒಂದು ಜಿಲ್ಲೆಯಾಯಿತು.

24 ಶಾಸಕರಿದ್ದ ನಾಡಿಗೆ ಇವತ್ತು ವಿಧಾನಸಭೆಯಲ್ಲಿ ಎಷ್ಟು ಸೀಟು ಗೊತ್ತಾ? 224ರಲ್ಲಿ ಎರಡು. 2008ರ ಮೊದಲು ಮೂರಿತ್ತು, ಕ್ಷೇತ್ರ ಮರುವಿಂಗಡಣೆಯಲ್ಲಿ ಸೋಮವಾರಪೇಟೆ ಹೋಯ್ತು. ಜನಸಂಖ್ಯೆ ಲೆಕ್ಕದಲ್ಲಿ ಇದು ಸರಿಯಾಗೇ ಇದೆ, ತಪ್ಪು ಹುಡುಕೋ ಹಾಗಿಲ್ಲ. ಆದ್ರೆ ದಕ್ಷಿಣದ ರಾಜ್ಯಗಳ ಲೋಕಸಭಾ ಸೀಟು ಕಡಿಮೆಯಾಗುತ್ತೆ ಅಂದಾಗ ನಮಗೆ ಹೊಟ್ಟೆಯಲ್ಲಿ ಏನೋ ಆಗುತ್ತಲ್ಲ, ಅದೂ ಜನಸಂಖ್ಯೆ ಲೆಕ್ಕವೇ.

ಇಷ್ಟನ್ನು ಓದಿದ ಮೇಲೆ ನಾನು ಹವಾಯಿಗೆ ಹೋದೆ. ಫ್ಲೈಟಲ್ಲಲ್ಲ, ಒಂದು ಕನ್ನಡಿಯ ಮೂಲಕ. ಮೂವತ್ತು ಮೀಟರ್ ಟೆಲಿಸ್ಕೋಪ್ ಅಂತ ಒಂದು ಪ್ರಾಜೆಕ್ಟ್ ಇದೆ, ಟಿಎಂಟಿ. 492 ತುಂಡು ಕನ್ನಡಿ ಜೋಡಿಸಿ 30 ಮೀಟರಿನ ಒಂದೇ ಕನ್ನಡಿ ಮಾಡೋದು. ಅದರಲ್ಲಿ ಭಾರತವೂ ಪಾಲುದಾರ. ನಮ್ಮ ಕಡೆಯಿಂದ ಮುಂದಾಳತ್ವ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯದು, ಒಂದಷ್ಟು ತುಂಡುಗಳಿಗೆ ಪಾಲಿಶ್ ಮಾಡೋ ಘಟಕ ಇರೋದು ನಮ್ಮ ಹೊಸಕೋಟೆಯಲ್ಲಿ. ಸೆಮಿನಾರ್ ಟಾಪಿಕ್ಕಿಗೆ ಇದನ್ನು ಹುಡುಕುತ್ತಿದ್ದೆ. ಕಂಟ್ರೋಲ್ ಸಿಸ್ಟಮ್ ಓದೋಣ ಅಂತ ಹೋದವನಿಗೆ ಸಿಕ್ಕಿದ್ದು ರಸ್ತೆಗೆ ಅಡ್ಡ ಕೂತ ಅಜ್ಜ ಅಜ್ಜಿಯರ ಫೋಟೋ.

ಟೆಲಿಸ್ಕೋಪ್ ಕಟ್ಟಬೇಕು ಅಂತ ಆರಿಸಿದ ಜಾಗ ಹವಾಯಿಯ ಮೌನಾ ಕೇಯಾ ಬೆಟ್ಟದ ತುದಿ. ಎತ್ತರ 4,205 ಮೀಟರ್, ಆಕಾಶ ನೋಡೋಕೆ ಅಂಥ ಜಾಗ ಭೂಮಿ ಮೇಲೆ ಅಪರೂಪ. ಹವಾಯಿಯ ಮೂಲನಿವಾಸಿಗಳಿಗೆ ಅದು ತಮ್ಮ ಹಿರೀಕರ ಜಾಗ, ದೇವರ ಬೆಟ್ಟ. ಆಗಲೇ ಅಲ್ಲಿ 13 ವೀಕ್ಷಣಾಲಯಗಳಿದ್ವು. 2015ರಲ್ಲಿ ಒಮ್ಮೆ, 2019ರಲ್ಲಿ ಇನ್ನೊಮ್ಮೆ ಜನ ರಸ್ತೆಯಲ್ಲಿ ಕೂತು ಕೆಲಸ ನಿಲ್ಲಿಸಿದರು. 2019ರ ಜುಲೈಯಲ್ಲಿ ಪೊಲೀಸರು ಬಂಧಿಸಿದ 30ಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಹಿರಿಯರು. ನನ್ನ ಮೊದಲ ಯೋಚನೆ ಏನಿತ್ತು ಅಂತ ಪ್ರಾಮಾಣಿಕವಾಗಿ ಹೇಳ್ತೀನಿ: ‘ಅಯ್ಯೋ, ವಿಜ್ಞಾನಕ್ಕೆ ಅಡ್ಡ ಬರ್ತಾರಲ್ಲ.’ ನಮ್ಮ ಇಂಜಿನಿಯರಿಂಗ್ ತಲೆಗೆ ಮೊದಲು ಹೊಳೆಯೋದು ಅದೇ. ಆಮೇಲೆ ಹಿಂದಿನ ಪುಟ ತಿರುವಿದೆ.

ಹವಾಯಿ ಒಂದು ರಾಜ್ಯವಾಗಿತ್ತು. ನಿಜವಾದ ಅರ್ಥದಲ್ಲಿ ದೇಶ. 1843ರಲ್ಲಿ ಬ್ರಿಟನ್, ಫ್ರಾನ್ಸ್ ಎರಡೂ ಅದರ ಸ್ವಾತಂತ್ರ್ಯವನ್ನು ಒಪ್ಪಿಕೊಂಡಿದ್ದವು. 1834ರಲ್ಲೇ, ಅಂದ್ರೆ ಇಲ್ಲಿ ಕೊಡಗು ಹೋದ ವರ್ಷವೇ, ಅಲ್ಲಿ ಹವಾಯಿ ಭಾಷೆಯ ಮೊದಲ ಪತ್ರಿಕೆ ಶುರುವಾಗಿತ್ತು. ಆಮೇಲೆ ಕಬ್ಬಿನ ತೋಟಗಳು ಬಂದ್ವು, ತೋಟದ ಮಾಲೀಕರು ಬಂದ್ರು. 1893ರ ಜನವರಿಯಲ್ಲಿ ಈ ಬಿಳಿಯ ವ್ಯಾಪಾರಿಗಳ ಗುಂಪು, ಬಂದರಿನಲ್ಲಿ ನಿಂತಿದ್ದ ಅಮೆರಿಕನ್ ಹಡಗಿನ ಸೈನಿಕರ ಬಲ ನೆಚ್ಚಿಕೊಂಡು, ರಾಣಿ ಲಿಲಿಯುಓಕಲಾನಿಯನ್ನು ಸಿಂಹಾಸನದಿಂದ ಇಳಿಸಿತು. 1895ರಲ್ಲಿ ಆಕೆಯನ್ನು ಆಕೆಯ ಅರಮನೆಯ ಒಂದು ಕೋಣೆಯಲ್ಲೇ ಸೆರೆ ಇಟ್ಟರು. 1896ರಲ್ಲಿ ಶಾಲೆಗಳ ಮಾಧ್ಯಮ ಇಂಗ್ಲಿಷ್ ಆಗಲೇಬೇಕು ಅಂತ ಕಾನೂನು ಮಾಡಿದರು.

1897ರಲ್ಲಿ ಅಲ್ಲಿನ ಜನ ಒಂದು ಕೆಲಸ ಮಾಡಿದರು. ‘ನಮ್ಮನ್ನು ಅಮೆರಿಕಕ್ಕೆ ಸೇರಿಸಬೇಡಿ’ ಅಂತ ಮನವಿ ಬರೆದು ದ್ವೀಪದಿಂದ ದ್ವೀಪಕ್ಕೆ ಹೋಗಿ 21,000ಕ್ಕೂ ಹೆಚ್ಚು ಸಹಿ ಹಾಕಿಸಿದರು. ಆಗ ಅಲ್ಲಿದ್ದ ಮೂಲನಿವಾಸಿಗಳೇ ಒಟ್ಟು ಸುಮಾರು 40,000. ಒಪ್ಪಂದ ಅಮೆರಿಕದ ಸೆನೆಟ್‌ನಲ್ಲಿ ಬಿತ್ತು. ಆದ್ರೂ ಮರುವರ್ಷ, 1898ರಲ್ಲಿ, ಸಾಮಾನ್ಯ ನಿರ್ಣಯವೊಂದನ್ನು ಪಾಸು ಮಾಡಿ ಸೇರಿಸಿಕೊಂಡೇಬಿಟ್ಟರು. 1959ರಲ್ಲಿ ಹವಾಯಿ ಅಮೆರಿಕದ ರಾಜ್ಯವಾಯಿತು. ಆ ಮತದಾನದಲ್ಲಿ ಬಹುದೊಡ್ಡ ಬಹುಮತವೇನೋ ಬಂತು, ಆದ್ರೆ ಚೀಟಿಯಲ್ಲಿ ‘ಸ್ವತಂತ್ರವಾಗಿರಬೇಕು’ ಅನ್ನೋ ಆಯ್ಕೆಯೇ ಇರಲಿಲ್ಲ.

ಆ ವಾಕ್ಯ ಓದಿದಾಗ ನನಗೆ ನನ್ನ ಗೂಗಲ್ ಫಾರ್ಮ್ ನೆನಪಾಯ್ತು.

ಬಿಲ್ ಕ್ಲಿಂಟನ್ ಕಾಲದಲ್ಲಿ, 1993ರಲ್ಲಿ, ಅಂದ್ರೆ ಸರಿಯಾಗಿ ನೂರು ವರ್ಷಕ್ಕೆ, ರಾಣಿಯನ್ನು ಇಳಿಸಿದ್ದರಲ್ಲಿ ಅಮೆರಿಕದ ಪಾಲೂ ಇತ್ತು ಅಂತ ಅಮೆರಿಕ ಸಂಸತ್ತು ಕ್ಷಮೆ ಕೇಳಿತು. ಕ್ಷಮೆಯ ಜೊತೆ ಏನೂ ವಾಪಸ್ ಬರಲಿಲ್ಲ. ಇವತ್ತು ಆ ಜನರಲ್ಲೇ ಮೂರು ದನಿ ಇದೆ. ಪೂರ್ತಿ ಸ್ವತಂತ್ರ ದೇಶ ಬೇಕು ಅನ್ನೋರು, ಅಮೆರಿಕದ ಒಳಗೇ ಸ್ವಯಮಾಡಳಿತ ಸಾಕು ಅನ್ನೋರು, ಇದ್ದ ಹಾಗೇ ಇರಲಿ ಭಾಷೆ ಮತ್ತು ಭೂಮಿ ಉಳಿಸಿಕೊಡಿ ಅನ್ನೋರು. ಟೆಲಿಸ್ಕೋಪ್ ಬೇಕು ಅನ್ನುವ ಮೂಲನಿವಾಸಿಗಳೂ ಇದ್ದಾರೆ. ಆದ್ರೆ ಒಂದು ಮಾತು ಎಲ್ಲರದೂ ಒಂದೇ: ನಮ್ಮನ್ನು ಕೇಳಿ ಮಾಡಿ.

ಈಗ ಕೊಡಗಿಗೆ ವಾಪಸ್ ಬರೋಣ. ಕೊಡಗು ಮತ್ತು ಹವಾಯಿ ಒಂದೇ ಅಂತ ನಾನು ಹೇಳ್ತಿಲ್ಲ. ಹಾಲೇರಿ ಅರಸರು ಕೊಡವರಲ್ಲ, ಲಿಂಗಾಯತರು. ಅವರ ಆಸ್ಥಾನದಲ್ಲಿ ಕನ್ನಡ ನಡೀತಿತ್ತು, ಕೊಡಗು–ಕನ್ನಡದ ನಂಟು 1956ರಲ್ಲಿ ಶುರುವಾದದ್ದಲ್ಲ. ವಿಲೀನ ಆಗಿದ್ದು ಬಂದೂಕಿನ ಮೊನೆಯಲ್ಲಲ್ಲ, ಸ್ವತಂತ್ರ ಭಾರತದ ಸಂಸತ್ತಿನ ಕಾನೂನಿನಿಂದ. ಮತ್ತೆ ಕೊಡವರು ಭಾರತದಿಂದ ಹೊರಗೆ ಹೋಗ್ತೀವಿ ಅಂತ ಕೇಳ್ತಿಲ್ಲ. ದೇಶಕ್ಕೆ ಮೊದಲ ಭಾರತೀಯ ದಂಡನಾಯಕ ಕಾರ್ಯಪ್ಪನವರನ್ನು, ತಿಮ್ಮಯ್ಯನವರನ್ನು ಕೊಟ್ಟ ಜನಕ್ಕೆ ದೇಶಪ್ರೇಮದ ಪಾಠ ನಾವು ಹೇಳೋದು ಬೇಡ. ಎನ್.ಯು. ನಾಚಪ್ಪನವರ ಕೊಡವ ನ್ಯಾಷನಲ್ ಕೌನ್ಸಿಲ್ ವರ್ಷಗಳಿಂದ ಕೇಳ್ತಿರೋದು ಸಂವಿಧಾನದ ಒಳಗೇ ‘ಕೊಡವ ಲ್ಯಾಂಡ್’ ಎಂಬ ಸ್ವಾಯತ್ತ ಪ್ರದೇಶ, ಪರಿಶಿಷ್ಟ ಪಂಗಡದ ಸ್ಥಾನ, ಎಂಟನೇ ಪರಿಚ್ಛೇದದಲ್ಲಿ ಕೊಡವ ತಕ್ಕ್‌ಗೆ ಜಾಗ, ಜನಗಣತಿಯಲ್ಲಿ ತಮ್ಮದೇ ಕಾಲಂ.

ಇದರಲ್ಲಿ ನಾನು ಒಪ್ಪದ ಒಂದು ಅಂಶ ಇದೆ, ಅದನ್ನು ಮೊದಲೇ ಹೇಳಿಬಿಡ್ತೀನಿ. 2011ರ ಜನಗಣತಿಯಲ್ಲಿ ಕೊಡಗು ಜಿಲ್ಲೆಯ ಜನಸಂಖ್ಯೆ 5,54,519. ಇಡೀ ದೇಶದಲ್ಲಿ ಕೊಡವ ತಕ್ಕ್ ತಮ್ಮ ಮಾತೃಭಾಷೆ ಅಂದವರು 1,13,857. ಅಷ್ಟೂ ಜನ ಕೊಡಗಿನಲ್ಲೇ ಇದ್ದಾರೆ ಅಂದುಕೊಂಡರೂ ಐದರಲ್ಲಿ ಒಂದು ಪಾಲು. ಉಳಿದವರು? ಅರೆಭಾಷೆ ಗೌಡರಿದ್ದಾರೆ. 1837ರ ದಂಗೆಯಲ್ಲಿ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲೇ ಗಲ್ಲಿಗೇರಿಸಿದ್ದು. ಮಲಯಾಳಂ, ತುಳು, ಬ್ಯಾರಿ ಮಾತಾಡುವವರಿದ್ದಾರೆ. ತೋಟಗಳಲ್ಲಿ ದುಡಿಯುವ ಯರವರು, ಕಾಡಂಚಿನ ಜೇನುಕುರುಬರು ಇದ್ದಾರೆ. ‘ಮೂಲನಿವಾಸಿ’ ಅನ್ನೋ ಮಾತನ್ನು ಆ ಬೆಟ್ಟಗಳಲ್ಲಿ ಎತ್ತಿದರೆ ಮೊದಲು ಅವರೇ ಎದ್ದು ನಿಲ್ಲಬೇಕು. ಒಂದು ಸಮುದಾಯದ ಹೆಸರಲ್ಲಿ ಗಡಿ ಎಳೆದರೆ ಆ ಗಡಿಯ ಒಳಗೆ ಇವರೆಲ್ಲ ‘ಇತರೆ’ ಆಗ್ತಾರೆ. ನನ್ನ ಫಾರ್ಮ್‌ನ ತಪ್ಪನ್ನೇ ಇನ್ನೊಂದು ಫಾರ್ಮ್‌ನಲ್ಲಿ ಮಾಡಿದ ಹಾಗೆ.

ಆದ್ರೆ ‘ಬೇರೆ ಗಡಿ ಬೇಡ’ ಅನ್ನೋದಕ್ಕೂ ‘ಬಾಯಿ ಮುಚ್ಚಿಕೊಂಡಿರಿ’ ಅನ್ನೋದಕ್ಕೂ ವ್ಯತ್ಯಾಸ ಇದೆ. ಕೊಡವರ ಯಾವ ಬೇಡಿಕೆ ಬಂದ್ರೂ ನಮ್ಮವರ ಪ್ರತಿಕ್ರಿಯೆ ಸಾಮಾನ್ಯವಾಗಿ ಎರಡನೆಯದು. ಅಖಂಡ ಕರ್ನಾಟಕ ಒಡೀತಾರೆ, ಎರಡೇ ಮಾತು, ಮುಗೀತು. 2025ರ ಫೆಬ್ರವರಿಯಲ್ಲಿ ಕುಟ್ಟದಿಂದ ಮಡಿಕೇರಿವರೆಗೆ ಸಾವಿರಾರು ಜನ ಕೊಡವ ಉಡುಪಿನಲ್ಲಿ ‘ಕೊಡವಾಮೆ ಬಾಳೋ’ ಅಂತ ದಿನಗಟ್ಟಲೆ ನಡೆದರು. ಕೊಡವಾಮೆ ಅಂದ್ರೆ ಕೊಡವತನ, ಅದು ಬಾಳಲಿ ಅಂತ. ಅದರ ಬಗ್ಗೆ ನಮ್ಮ ಕ್ಯಾಂಪಸ್ಸಿನಲ್ಲಿ ಎಷ್ಟು ಜನ ಮಾತಾಡಿದ್ವಿ? ನಾನಂತೂ ಮಾತಾಡಿಲ್ಲ.

ವಿಶೇಷ ಸ್ಥಾನ ಅಂದ ಕೂಡಲೇ ಬೆಚ್ಚಿಬೀಳೋರಿಗೆ ನಮ್ಮ ಕಾಲೇಜಿನದೇ ಉದಾಹರಣೆ ಕೊಡ್ತೀನಿ. ಸಿಇಟಿ ಸೀಟ್ ಮ್ಯಾಟ್ರಿಕ್ಸ್‌ನಲ್ಲಿ 371ಜೆ ನೋಡಿಲ್ವಾ? ಬೀದರ್, ಕಲಬುರಗಿ, ರಾಯಚೂರು ಕಡೆಯವರು ತಮಗೆ ಅನ್ಯಾಯ ಆಗಿದೆ ಅಂತ ವರ್ಷಗಟ್ಟಲೆ ಕೇಳಿದ ಮೇಲೆ, 2012ರಲ್ಲಿ ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ ಬಂದಿದ್ದು ಅದು. ಕರ್ನಾಟಕ ಒಡೆದುಹೋಯ್ತಾ? ಇಲ್ಲ. ಕೇಳಿಸಿಕೊಂಡಿದ್ದರಿಂದ ಆ ಭಾಗದವರು ಇನ್ನಷ್ಟು ಹತ್ತಿರ ಬಂದರು. ಒಂದು ಮನೆಯೊಳಗೆ ಬೇರೆ ಬೇರೆ ಕೋಣೆ ಇರಬಹುದು, ಮನೆ ಬೀಳಲ್ಲ.

ನನಗೆ ಎಲ್ಲಕ್ಕಿಂತ ತುರ್ತು ಅನ್ಸೋದು ಭಾಷೆಯ ಮಾತು. ‘ಕೊಡವ ತಕ್ಕ್ ಕನ್ನಡದ ಒಂದು ಉಪಭಾಷೆ ತಾನೇ’ ಅಂತ ನಮ್ಮ ಹಾಸ್ಟೆಲ್ಲಿನಲ್ಲೇ ಕೇಳಿದೀನಿ. ಅಲ್ಲ. ಅದು ದಕ್ಷಿಣ ದ್ರಾವಿಡದ ಸ್ವತಂತ್ರ ಭಾಷೆ. ಭಾಷಾವಿಜ್ಞಾನಿಗಳ ಲೆಕ್ಕದಲ್ಲಿ ಅದು ಕನ್ನಡಕ್ಕಿಂತ ತಮಿಳು–ಮಲಯಾಳಂಗೆ ಹತ್ತಿರದ ಕವಲು. 2001ರಲ್ಲಿ ಅದನ್ನು ಮಾತೃಭಾಷೆ ಅಂದವರು 1,66,187. ಹತ್ತು ವರ್ಷದಲ್ಲಿ ಅದು 1,13,857ಕ್ಕೆ ಇಳೀತು. ಗಣತಿಯವರು ಬರೆದುಕೊಂಡ ರೀತಿಯಲ್ಲೂ ಏರುಪೇರು ಇರಬಹುದು, ಅಷ್ಟು ಜನ ಒಮ್ಮೆಲೇ ಭಾಷೆ ಮರೆಯಲ್ಲ. ಆದ್ರೆ ನನ್ನ ರೂಮ್‌ಮೇಟ್‌ನ ಬೆಂಗಳೂರಿನ ಕಸಿನ್‌ಗಳು ಮನೇಲಿ ಇಂಗ್ಲಿಷ್ ಮಾತಾಡ್ತಾರೆ, ಅಜ್ಜಿ ಫೋನ್ ಮಾಡಿದಾಗ ಇವನೇ ಅನುವಾದ ಮಾಡ್ತಾನೆ. ಯುನೆಸ್ಕೋ ಕೊಡವವನ್ನು ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ಇಟ್ಟಿದೆ.

ಇಲ್ಲಿ ನಾವು ಹೆಮ್ಮೆಪಡುವ ಒಂದು ವಿಷಯವೂ ಇದೆ. ಹರದಾಸ ಅಪ್ಪಚ್ಚ ಕವಿ 1906ರಲ್ಲಿ ಕೊಡವ ಭಾಷೆಯಲ್ಲಿ ನಾಟಕ ಬರೆದಾಗ ಬಳಸಿದ್ದು ಕನ್ನಡ ಲಿಪಿ. ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ಸುತ್ತಿ ಹಾಡು, ಗಾದೆ, ಪದ್ಧತಿಗಳನ್ನು ಕಲೆಹಾಕಿ 1924ರಲ್ಲಿ ‘ಪಟ್ಟೋಲೆ ಪಳಮೆ’ ತಂದಾಗಲೂ ಕನ್ನಡ ಲಿಪಿಯೇ. ಅಂದ್ರೆ ಕನ್ನಡ ಒಂದು ಸಣ್ಣ ಭಾಷೆಗೆ ಹೆಗಲು ಕೊಟ್ಟ ಉದಾಹರಣೆ ಆಗಲೇ ನಮ್ಮ ಮುಂದಿದೆ. 1994ರಲ್ಲಿ ಕರ್ನಾಟಕ ಸರ್ಕಾರ ಕೊಡವ ಸಾಹಿತ್ಯ ಅಕಾಡೆಮಿಯನ್ನೂ ಮಾಡಿತು. ಆದ್ರೆ ಅಕಾಡೆಮಿ ಮಾಡೋದು ಒಂದು, ಮಕ್ಕಳ ಬಾಯಲ್ಲಿ ಭಾಷೆ ಉಳಿಸೋದು ಇನ್ನೊಂದು.

ಈ ವಿಷಯದಲ್ಲಿ ಹವಾಯಿಯಿಂದ ಕಲಿಯೋದಿದೆ. 1980ರ ದಶಕದ ಶುರುವಿನಲ್ಲಿ ಹವಾಯಿ ಭಾಷೆ ಮಾತಾಡುವ 18 ವರ್ಷದೊಳಗಿನ ಮಕ್ಕಳು 50ಕ್ಕಿಂತ ಕಡಿಮೆ ಅಂತ ಅಲ್ಲಿನ ಭಾಷಾ ಹೋರಾಟಗಾರರು ಲೆಕ್ಕ ಹಾಕಿದ್ದರು. 1984ರಲ್ಲಿ ಪೋಷಕರು, ಶಿಕ್ಷಕರು ಸೇರಿ ‘ಪೂನಾನಾ ಲಿಯೋ’ ಅಂತ ಅಂಗನವಾಡಿ ಥರದ ಶಾಲೆ ಶುರು ಮಾಡಿದರು. ಹೆಸರಿನ ಅರ್ಥ ದನಿಯ ಗೂಡು. ನ್ಯೂಜಿಲೆಂಡಿನ ಮಾವೋರಿಗಳು ಮಾಡಿದ್ದನ್ನು ನೋಡಿ ಕಲಿತದ್ದು ಅದು. ಅಲ್ಲಿ ಮಕ್ಕಳ ಜೊತೆ ಮಾತೆಲ್ಲ ಹವಾಯಿ ಭಾಷೆಯಲ್ಲೇ. 1896ರ ಕಾನೂನಿನ ಕಾರಣ ಅದೂ ಅಕ್ರಮವೇ ಆಗಿತ್ತು. 1986ರಲ್ಲಿ ಆ ತಡೆ ತೆಗೆಸಿದರು. ಇವತ್ತು ಅಂಗನವಾಡಿಯಿಂದ ಪಿಎಚ್.ಡಿ.ವರೆಗೆ ಆ ಭಾಷೆಯಲ್ಲಿ ಓದಬಹುದು. ಸ್ವಾತಂತ್ರ್ಯ ಸಿಗುತ್ತೋ ಇಲ್ವೋ ಅಂತ ಕಾಯದೆ ಭಾಷೆಯನ್ನು ಮೊದಲು ವಾಪಸ್ ತಗೊಂಡ್ರು.

ಇಷ್ಟೆಲ್ಲ ಹೇಳೋಕೆ ನೀನ್ಯಾರು, ನೀನು ಕೊಡಗಿನವನಲ್ಲವಲ್ಲ ಅಂತ ಕೇಳಬಹುದು. ನಿಜ. ನಮ್ಮೂರು ಕೆರೆಬಿಳಚಿ, ಚನ್ನಗಿರಿ ತಾಲೂಕು, ಸೂಳೆಕೆರೆ ಪಕ್ಕ. ನಕ್ಷೆಯಲ್ಲಿ, ಸರ್ಕಾರಿ ಬೋರ್ಡಿನಲ್ಲಿ ನಮ್ಮ ಕೆರೆಯ ಹೆಸರು ಶಾಂತಿಸಾಗರ. ನಮ್ಮ ಬಾಯಲ್ಲಿ ಅದು ಸೂಳೆಕೆರೆಯೇ. ಶಾಂತವ್ವನ ಕಥೆ ಕೇಳಿ ಬೆಳೆದ ನಮಗೆ ಆ ಹೆಸರಲ್ಲಿ ನಾಚಿಕೆ ಏನೂ ಇಲ್ಲ. ಬೇರೆಯವರು ಬಂದು ‘ಶಾಂತಿಸಾಗರ ಅನ್ನಿ, ಚೆನ್ನಾಗಿರುತ್ತೆ’ ಅಂದ್ರೆ ನಮ್ಮಜ್ಜಿ ನಗ್ತಾಳೆ. ನಮ್ಮ ತಾಲೂಕು 1997ರವರೆಗೆ ಶಿವಮೊಗ್ಗ ಜಿಲ್ಲೆ, ಆಮೇಲೆ ದಾವಣಗೆರೆ. ಅದಕ್ಕೆ ನಮ್ಮಲ್ಲಿ ಯಾರೂ ಅತ್ತಿಲ್ಲ. ಡಿಸಿ ಆಫೀಸಿನ ದಾರಿ ಬದಲಾಯ್ತು, ಅಷ್ಟೇ. ಭಾಷೆ, ಹಬ್ಬ, ಹೆಸರು ಯಾವುದೂ ಬದಲಾಗಲಿಲ್ಲ. ಅದಕ್ಕೇ ‘1956ರ ವಿಷಯ ಈಗ್ಯಾಕೆ’ ಅಂತ ಕೇಳೋದು ನಮಗೆ ಸುಲಭ. ಗಡಿ ಬದಲಾದಾಗ ನಾವು ಏನನ್ನೂ ಕಳಕೊಂಡಿರಲಿಲ್ಲ.

ಆದ್ರೆ ನಮ್ಮ ಪಕ್ಕದಲ್ಲೇ ಕಳಕೊಂಡವರಿದ್ದರು, ನಾನು ನೋಡಿರಲಿಲ್ಲ. ನಾನು ಓದಿದ ಒಂದು ಶಾಲೆಗೆ ತಾಂಡಾದ ಹುಡುಗರು ಬರ್ತಿದ್ರು. ತಮ್ಮತಮ್ಮಲ್ಲಿ ಲಂಬಾಣಿ ಮಾತಾಡಿದ್ರೆ ‘ಕ್ಲಾಸಲ್ಲಿ ಕನ್ನಡ ಮಾತಾಡ್ರೋ’ ಅಂತ ಬೈಗುಳ. ನಾವು ನಗ್ತಿದ್ವಿ, ನಾನೂ ನಕ್ಕಿದೀನಿ. ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇರೋದು ನಮ್ಮ ಪಕ್ಕದ ನ್ಯಾಮತಿ ತಾಲೂಕಿನಲ್ಲಿ. ಫೆಬ್ರವರಿಯ ಜಯಂತಿಗೆ ಎಲ್ಲೆಲ್ಲಿಂದಲೋ ಬಂಜಾರರು ಬರ್ತಾರೆ. ಆ ದಿನ ಬಿಟ್ಟರೆ ಅವರ ಭಾಷೆ ಊರಿನ ಕಿವಿಗೆ ಬೀಳಲ್ಲ. ಮೊನ್ನೆ ಜನಗಣತಿ ಪಟ್ಟಿ ನೋಡುವಾಗ ಇನ್ನೊಂದು ಗೊತ್ತಾಯ್ತು. 2011ರಲ್ಲಿ ಲಮಾಣಿ, ಲಂಬಾಡಿ ಅಂತ ಮಾತೃಭಾಷೆ ಬರೆಸಿದವರು ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು. ಅವರನ್ನು ಲೆಕ್ಕಕ್ಕೆ ಸೇರಿಸಿರೋದು ಯಾವ ಭಾಷೆಯ ಕೆಳಗೆ ಗೊತ್ತಾ? ಹಿಂದಿ. ಹೌದು, ನಮ್ಮ ಚನ್ನಗಿರಿ ತಾಂಡಾದ ಅಜ್ಜಿ ದೆಹಲಿಯ ಕಾಗದದಲ್ಲಿ ಹಿಂದಿಯವಳು. ಹಿಂದಿ ಹೇರಿಕೆ ವಿರುದ್ಧ ಹ್ಯಾಶ್‌ಟ್ಯಾಗ್ ಹಾಕೋ ನಮ್ಮಲ್ಲಿ ಒಬ್ಬರೂ ಇದನ್ನು ಕೇಳಿಲ್ಲ.

ನನ್ನ ಮಾತು ಇಷ್ಟೇ. 2017ರಲ್ಲಿ ನಮ್ಮ ಮೆಟ್ರೋದ ಹಿಂದಿ ಬೋರ್ಡು ತೆಗೆಸೋಕೆ ಜನ ಹೋರಾಡಿದ್ದು ಸರಿ. ಬ್ಯಾಂಕಿನಲ್ಲಿ ಕನ್ನಡ ಬೇಕು ಅನ್ನೋದು ಸರಿ. ‘ದೊಡ್ಡವರು ಸಣ್ಣವರನ್ನು ಕೇಳದೆ ತೀರ್ಮಾನ ಮಾಡಬಾರದು’ ಅನ್ನೋದು ನಮ್ಮ ವಾದದ ಬೇರು. ಅದೇ ವಾದ ಹಿಡಿದು ಕೊಡವರು, ತುಳುವರು, ಲಂಬಾಣಿಗಳು ನಮ್ಮ ಬಾಗಿಲಿಗೆ ಬಂದಾಗ ನಾವು ದೆಹಲಿಯ ಥರ ಮಾತಾಡಬಾರದು. ಆಗ ನಮ್ಮ ವಾದಕ್ಕೆ ತೂಕ ಉಳಿಯಲ್ಲ. ಕನ್ನಡಾಭಿಮಾನ ಅಂದ್ರೆ ಕನ್ನಡವನ್ನು ಪ್ರೀತಿಸೋದು, ಕರ್ನಾಟಕದ ಮಿಕ್ಕ ಭಾಷೆಗಳನ್ನು ‘ಇತರೆ’ ಮಾಡೋದಲ್ಲ.

ಸಂಘದ ಮುಂದೆ ಮೂರು ಪ್ರಸ್ತಾಪ ಇಡ್ತೀನಿ. ಒಂದು, ಈ ಪತ್ರಿಕೆಯ ಪ್ರತಿ ಸಂಚಿಕೆಯಲ್ಲಿ ಒಂದು ಪುಟ ಕೊಡವ, ತುಳು, ಅರೆಭಾಷೆ, ಬ್ಯಾರಿ, ಲಂಬಾಣಿ ಬರಹಕ್ಕೆ, ಕನ್ನಡ ಲಿಪಿಯಲ್ಲಿ, ಪಕ್ಕದಲ್ಲಿ ಕನ್ನಡ ಅರ್ಥದ ಜೊತೆ. ಎರಡು, ಐಎಸ್ ಮತ್ತು ಸಿಎಸ್‌ನವರು ಮಿನಿ ಪ್ರಾಜೆಕ್ಟಿಗೆ ಮತ್ತೊಂದು ಅಟೆಂಡೆನ್ಸ್ ಆ್ಯಪ್ ಮಾಡೋ ಬದಲು ಈ ಭಾಷೆಗಳ ಒಂದು ದನಿ ನಿಘಂಟು ಮಾಡಿ. ಮಾತಾಡೋರು ನಮ್ಮ ಹಾಸ್ಟೆಲ್ಲಿನಲ್ಲೇ ಇದ್ದಾರೆ, ರೆಕಾರ್ಡ್ ಮಾಡೋಕೆ ಫೋನ್ ಸಾಕು. ಮೂರು, ಮುಂದಿನ ರಾಜ್ಯೋತ್ಸವದ ದಿನ ಹತ್ತು ನಿಮಿಷ ಕೊಡಗಿನ ಹುಡುಗರಿಗೆ ಬಿಡಿ. 1956ರ ಆ ದಿನ ಅವರ ಮನೆಗಳಲ್ಲಿ ಹೇಗಿತ್ತು ಅಂತ ಅವರೇ ಹೇಳಲಿ. ಖುಷಿಯ ಕಥೆಯೂ ಇರಬಹುದು, ವಿಲೀನ ಬೇಕು ಅಂತ ವೋಟು ಹಾಕಿದ ಮನೆಗಳೂ ಇದ್ವಲ್ಲ. ಬೇಸರದ ಕಥೆ ಬಂದ್ರೆ ಅದನ್ನೂ ಕೂತು ಕೇಳೋಣ. ನಮ್ಮ ಧ್ವಜಕ್ಕೆ ಅದರಿಂದ ಏನೂ ಆಗಲ್ಲ.

ಈ ಲೇಖನ ಕಳಿಸೋ ಮೊದಲು ರೂಮ್‌ಮೇಟ್‌ಗೆ ತೋರಿಸಿದೆ. ಪೂರ್ತಿ ಓದಿದ. ಕೊಡವ ಲ್ಯಾಂಡ್ ಬಗ್ಗೆ ನಾನು ಬರೆದದ್ದನ್ನು ಅರ್ಧ ಒಪ್ಪಿದ, ಅರ್ಧ ಒಪ್ಪಲಿಲ್ಲ. ಯರವರ ಮಾತು ಬಂದಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ನಿಜ” ಅಂದ. ಆಮೇಲೆ ಈ ವರ್ಷದ ಫಾರ್ಮ್ ತೆಗೆದು ನೋಡಿದ. ಮಾತೃಭಾಷೆ ಅನ್ನೋ ಕಡೆ ಈಗ ಆಯ್ಕೆಗಳಿಲ್ಲ, ಬರೆಯೋಕೆ ಖಾಲಿ ಗೆರೆ ಇದೆ. ಅದರಲ್ಲಿ ‘ಕೊಡವ ತಕ್ಕ್’ ಅಂತ ಕನ್ನಡದಲ್ಲಿ ಟೈಪ್ ಮಾಡಿ, ಟೀ-ಶರ್ಟ್ ಸೈಜ್ ಎಲ್ ಅಂತ ಹಾಕಿ, ಸಬ್ಮಿಟ್ ಒತ್ತಿದ.